ಇಸ್ತ್ರಿ ಹಾಕಿದ ಪರಿಚಯ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 6.30

ನಮ್ಮ ಮೊಲ ಕಾಲರ್‌ನ ತೂಕ ಒಂದು ಕೆಜಿ 720. ನನ್ನ ಲಾಂಡ್ರಿಯ ತಕ್ಕಡಿಯಲ್ಲೇ ತೂಗಿದೆ, ಬುಟ್ಟಿ ಕಳೆದು. ಹೋದ ವಾರಕ್ಕಿಂತ 90 ಗ್ರಾಂ ಕಡಿಮೆ. ಹಾಕಿದ ಹುಲ್ಲು ಹಾಕಿದ ಹಾಗೇ ಇದೆ. ಜೊತೆಯ ಮೊಲ ಸತ್ತು ಇವತ್ತಿಗೆ ಇಪ್ಪತ್ತು ದಿನ. ಅವತ್ತಿನಿಂದ ಗೋಡೆಗೆ ಮುಖ ಮಾಡಿ ಕೂತದ್ದು ಕೂತೇ ಇದೆ.

ಡಾಕ್ಟರ್ ಶನಿವಾರವೇ ಹೇಳಿದರು. "ಒಂಟಿತನಕ್ಕೆ ನನ್ನ ಹತ್ರ ಔಷಧಿ ಇಲ್ಲ. ಇನ್ನೊಂದು ಮೊಲ ತಗೊಂಡು ಹೋಗಿ. ಇದು ಒಂದೂವರೆ ಕೆಜಿಗೆ ಇಳಿದ್ರೆ ಉಳಿಯೋದು ಕಷ್ಟ."

ಬೇಡ ಅಂದೆ. ಇನ್ನೊಂದು ತರುವುದು, ಅದನ್ನೂ ಹಚ್ಚಿಕೊಳ್ಳುವುದು... ಹೆಂಡತಿ ಸುಮ್ಮನಿರಲಿಲ್ಲ. "ನೀವು ಹಿಡಿದ ಮೊಲಕ್ಕೆ ಮೂರೇ ಕಾಲು. ಮನೇಲಿರೋದಕ್ಕೆ ನಾಲ್ಕಿದೆ, ಮೊದಲು ಅದನ್ನ ಉಳಿಸ್ಕೊಳ್ಳಿ."

ಮಾರ್ಚ್ 6, ಗುರುವಾರ

ಬಂತು. ಹೆಣ್ಣು. ಮರಿ ಹಾಕದ ಹಾಗೆ ಆಪರೇಷನ್ ಆದದ್ದು, ಡಾಕ್ಟರೇ ಕೊಟ್ಟರು. ಕಣ್ಣು ಥೇಟ್ ಶರ್ಟಿನ ಕಪ್ಪು ಗುಂಡಿ. ಹೆಸರೂ ಅದೇ ಇಟ್ಟೆ. ಸಂಜೆಯೊಳಗೆ ಡೋರ್‌ಮ್ಯಾಟ್ ಕೆರೆದು ಇನ್ನೊಂದು ಅರ್ಥದ ಗುಂಡಿಯನ್ನೂ ತೋಡಿಟ್ಟಿದೆ.

ನಾನು ನೇರ ಕಾಲರ್ ಗೂಡಿಗೇ ಬಿಡುವವನಿದ್ದೆ. ಅತ್ತೆ ತಡೆದರು. ಇಪ್ಪತ್ತೆಂಟು ವರ್ಷ ಹುಡುಗಿಯರ ಹಾಸ್ಟೆಲ್‌ನಲ್ಲಿ ವಾರ್ಡನ್ ಆಗಿದ್ದವರು. "ಹೊಸಬರನ್ನ ಮೊದಲ ದಿನವೇ ಹಳಬರ ರೂಮಿಗೆ ನುಗ್ಗಿಸಬಾರದು. ಪಕ್ಕದ ರೂಮು ಕೊಡ್ಬೇಕು. ಕೆಮ್ಮು, ನಗು, ಚಪ್ಪಲಿ ಸದ್ದು ಎಲ್ಲ ಗೋಡೆಯಾಚೆಯಿಂದ ಅಭ್ಯಾಸ ಆಗ್ಬೇಕು."

ಹಾಗಾಗಿ ಹಾಲ್‌ನಲ್ಲಿ ಎರಡು ಗೂಡು, ನಡುವೆ ಒಂದು ಗೇಣು. ಕಂಬಿ ಸಂದಿಯಿಂದ ಕಾಲು ಕಚ್ಚಬಾರದಲ್ಲ. ದಿನಾ ಇದರ ಹಾಸುಬಟ್ಟೆ ಅದಕ್ಕೆ, ಅದರದ್ದು ಇದಕ್ಕೆ. ಬಟ್ಟೆ ಅಂದಮೇಲೆ ನನ್ನ ಇಲಾಖೆ, ವಹಿಸಿಕೊಂಡೆ.

ಅತ್ತೆ ಇಷ್ಟು ಚುರುಕಾಗಿ ಓಡಾಡಿದ್ದು ನೋಡಿ ಎರಡು ವರ್ಷವಾಗಿತ್ತು. ಮಾವ ತೀರಿಕೊಂಡ ವಾರವೇ ಇಲ್ಲಿಗೆ ಬಂದರು. ಒಂದು ಸೂಟ್‌ಕೇಸ್, ಕೈಯಲ್ಲಿ ಮಾವನ ಕಂದು ಸ್ವೆಟರ್. ಅದನ್ನು ಅವರು ಕೇಳದೆಯೇ ಡ್ರೈಕ್ಲೀನ್ ಮಾಡಿ, ಕವರ್ ಹಾಕಿ ಕೊಟ್ಟಿದ್ದೆ. ಅಳಿಯ ಅಂದರೆ ಹೀಗಿರಬೇಕು ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಮಾರ್ಚ್ 14, ಶುಕ್ರವಾರ

1.640. ಇಳಿಯುತ್ತಲೇ ಇದೆ. ಬಟ್ಟೆ ಒಂದು ದಿನವೂ ತಪ್ಪಿಸಿಲ್ಲ. ನಾಳೆ ಮುಖಾಮುಖಿ — ಬಾತ್‌ರೂಮಿನಲ್ಲಿ. ಅಲ್ಲಿ ಕಾಲರ್ ಇದುವರೆಗೆ ಕಾಲಿಟ್ಟಿಲ್ಲ. ಯಾರಿಗೂ ಅದು ಸ್ವಂತ ಜಾಗ ಅಲ್ಲ, ಯಾರೂ ಹಕ್ಕು ಸಾಧಿಸುವ ಹಾಗಿಲ್ಲ ಎಂಬುದು ಅತ್ತೆಯ ಲೆಕ್ಕ.

ಮಾರ್ಚ್ 15, ಶನಿವಾರ

ಅರ್ಧ ನಿಮಿಷ. ಅಷ್ಟೇ. ಎರಡೂ ಉಂಡೆಯಾಗಿ ಉರುಳಿದವು, ನೆಲದ ತುಂಬ ರೋಮ. ನಾನು ಬಾಗಿಲಲ್ಲಿ ಕಲ್ಲಾಗಿ ನಿಂತೆ. ಅತ್ತೆ ನನ್ನ ಇಸ್ತ್ರಿಯ ದಪ್ಪ ಗ್ಲೋವ್ಸ್ ಹಾಕಿಕೊಂಡಿದ್ದವರು ನಡುವೆ ಕೈ ಇಟ್ಟೇಬಿಟ್ಟರು. ಗುಂಡಿ ಕಚ್ಚಿತು. ಕೈ ಹಿಂದೆ ತೆಗೆಯಲಿಲ್ಲ. ಅರವತ್ತೆಂಟು ವಯಸ್ಸು. ಭೇಷ್ ಅನ್ನಬೇಕು.

ಆಮೇಲೆ ಗೂಡಿನ ಬಟ್ಟೆ ಎತ್ತಿ ಮೂಸಿದರು.

"ಇದ್ಯಾಕೆ ಸೋಪಿನ ವಾಸನೆ?"

"ತೊಳೆದೆ ಅತ್ತೆ. ದಿನಾ ತೊಳೆದು, ಇಸ್ತ್ರಿ ಹಾಕಿಯೇ ಬದಲಾಯಿಸಿದ್ದು. ಒಬ್ಬರು ಮಲಗಿದ ಬಟ್ಟೆ ಇನ್ನೊಬ್ಬರಿಗೆ ಹಾಗೇ ಹೇಗೆ ಕೊಡೋದು?"

ಹೆಂಡತಿ ನಗುತ್ತ ನಗುತ್ತ ಬಕೆಟ್ ಮೇಲೆಯೇ ಕೂತುಬಿಟ್ಟಳು. ಒಂದು ವಾರದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಅತ್ತೆ ಮಾತ್ರ ನಗಲಿಲ್ಲ, ಬೈಯಲೂ ಇಲ್ಲ.

"ನೀವು ಕೊಳೆ ಅಂದ್ಕೊಂಡ್ರಿ. ಅದು ಕೊಳೆ ಅಲ್ಲ, ಪರಿಚಯ."

ಮಾರ್ಚ್ 24, ಸೋಮವಾರ

1.560. ಹೆದರಿಕೆಯಾಗುತ್ತಿದೆ. ಅಂಗಡಿಯಲ್ಲಿ ಇವತ್ತು ಎರಡು ಶರ್ಟ್ ತಪ್ಪು ಗಿರಾಕಿಗೆ ಹೋದವು.

ಬಟ್ಟೆ ತೊಳೆಯುತ್ತಿಲ್ಲ. ಎರಡು ಬೆರಳಲ್ಲಿ ಹಿಡಿದು, ಉಸಿರು ಕಟ್ಟಿ ಬದಲಾಯಿಸುತ್ತೇನೆ. ಇವತ್ತು ಕಾಲರ್ ಗುಂಡಿಯ ಬಟ್ಟೆ ಮೂಸಿತು. ಬಹಳ ಹೊತ್ತು. ಆಮೇಲೆ ಅದರ ಮೇಲೆ ಗಲ್ಲ ಊರಿ ಮಲಗಿತು. ಗೋಡೆಗೆ ಬೆನ್ನು.

ಮಾರ್ಚ್ 29, ಶನಿವಾರ. ಸಂಜೆ 4.40

ಮತ್ತೆ ಬಾತ್‌ರೂಮ್. ಅತ್ತೆ ನೆಲದ ಮೇಲೆ ಕಾಲು ಚಾಚಿ ಕೂತರು, ನಡುವೆ ಒಂದು ಹಿಡಿ ಕೊತ್ತಂಬರಿ. "ಊಟದ ಹೊತ್ತಲ್ಲಿ ಜಗಳ ಕಡಿಮೆ. ಮೆಸ್ಸಲ್ಲಿ ನೋಡಿದ್ದೀನಿ."

ಒಂದು ಸುತ್ತು ಅಟ್ಟಾಡಿಸಿಕೊಂಡವು. ಅತ್ತೆ ಅಲ್ಲಾಡಲಿಲ್ಲ, ನಮಗೂ ಅಲ್ಲಾಡಲು ಬಿಡಲಿಲ್ಲ. ಗುಂಡಿ ತಲೆ ತಗ್ಗಿಸಿ ನೆಲಕ್ಕೆ ಒತ್ತಿತು. ಕಾಲರ್ ನೋಡಿತು. ಒಂದು ದಂಟು ತಿಂದಿತು. ಇನ್ನೊಂದು. ಆಮೇಲೆ ಮುಂದೆ ಬಂದು ಗುಂಡಿಯ ಹಣೆ ನೆಕ್ಕಿತು.

ಅತ್ತೆ ಕೈ ಒರೆಸಿಕೊಂಡು ಎದ್ದರು. "ರೂಮ್ ಅಲಾಟ್ ಮಾಡಿ."

ಈ ಹೆಂಗಸಿನ ಕೈಕೆಳಗೆ ಓದಿದ ಹುಡುಗಿಯರು ಪುಣ್ಯವಂತರು.

ಏಪ್ರಿಲ್ 6, ಭಾನುವಾರ

1.690! ದೊಡ್ಡ ಗೂಡು ಒಂದೇ. ಪಕ್ಕಕ್ಕೆ ಪಕ್ಕ ಒರಗಿ ಮಲಗಿವೆ.

ಈಗಷ್ಟೇ ಅತ್ತೆ ಕನ್ನಡಕ ತರಲು ಕಳಿಸಿದರು. ಅವರ ಬೀರು ತೆರೆದೆ. ಮೇಲಿನ ಅರೆಯಲ್ಲಿ ಮಾವನ ಸ್ವೆಟರ್. ನಾನು ಕೊಟ್ಟ ಕವರಿನಲ್ಲೇ ಇದೆ. ನಾನು ಹೊಡೆದ ಪಿನ್ನು, ನನ್ನ ಕೈಬರಹದ ಚೀಟಿ. ಒಂದು ಸಲವೂ ಬಿಚ್ಚಿಲ್ಲ. ಬಿಚ್ಚಿ ಏನು ಮಾಡಬೇಕು?

ಈಗ ನೆನಪಾಗುತ್ತಿದೆ. ಅವತ್ತು ಕವರ್ ಕೈಗಿಟ್ಟಾಗ ಅತ್ತೆ ಪಿನ್ನು ಬಿಚ್ಚದೆ ಅದರ ಬಾಯಿ ಸ್ವಲ್ಪ ಅಗಲಿಸಿ, ಮೂಗಿನ ಹತ್ತಿರ ಹಿಡಿದರು. ಸುಮಾರು ಹೊತ್ತು. ಆಮೇಲೆ ಮುಚ್ಚಿ, "ಹೊಸದರ ಹಾಗೆ ಆಗಿದೆ" ಅಂದರು. ಹೊಗಳಿಕೆ ಅಂದುಕೊಂಡು ಊಟದಲ್ಲಿ ಹೆಂಡತಿಗೂ ಹೇಳಿದೆ. ಎರಡು ವರ್ಷ ಒಂದೇ ಮನೆಯಲ್ಲಿದ್ದೇವೆ. ಒಂದು ಮಾತು ಎತ್ತಲಿಲ್ಲ. ಬಾತ್‌ರೂಮಿನಲ್ಲಿ ಅವತ್ತು ನನಗೆ ಅಷ್ಟು ಮೆತ್ತಗೆ ಹೇಳಿದರಲ್ಲ...

ಹಾಲ್‌ನಲ್ಲೇ ಕೂತಿದ್ದಾರೆ. ಕನ್ನಡಕ ಇನ್ನೂ ನನ್ನ ಕೈಯಲ್ಲಿದೆ. ಹೋಗಿ ಹೇಳಬೇಕು. ಹೇಗೆ ಶುರು ಮಾಡಲಿ ಅಂತ ಇಲ್ಲಿ ಬರೆದು ನೋಡುತ್ತಿದ್ದೇನೆ.

ಅತ್ತೆ, ಆ ಸ್ವೆಟರ್... ನಾನು ಅದನ್ನು ಕೊಳೆ ಅಂದುಕೊಂಡು —