ಮಗಳು ನನ್ನ ಮೇಲೆ ಗೆದ್ದ ಕೇಸು

ಕಾಮಾಕ್ಷಿಪಾಳ್ಯ
೮ ಫೆಬ್ರುವರಿ ೨೦೨೬, ಭಾನುವಾರ

ಪ್ರೀತಿಯ ಗುರುಸಿದ್ದಯ್ಯನಿಗೆ,

ಚನ್ನಕೇಶವನ ನಮಸ್ಕಾರ. ಇಲ್ಲಿ ನಾವು ಕ್ಷೇಮ. ಮೊಣಕಾಲು ಆಪರೇಷನ್ ಆದಮೇಲೆ ಕುಣಿಗಲ್ ಕೆರೆ ಏರಿಯ ತನಕ ನಡೆಯುತ್ತಿದ್ದೇನೆ ಎಂದು ನೀನು ಬರೆದಿದ್ದೆ, ಓದಿ ಸಂತೋಷವಾಯಿತು. ಆ ಪತ್ರಕ್ಕೆ ಇಷ್ಟು ತಡವಾಗಿ ಉತ್ತರ ಬರೆಯುತ್ತಿರುವುದಕ್ಕೆ ಎಷ್ಟು ಬೇಕಾದರೂ ಬೈ. ಫೋನ್ ಮಾಡಿದರೆ ನಿನಗೆ ಅರ್ಧ ಕೇಳಿಸುವುದಿಲ್ಲ, ನಾನು ಕಿರುಚಿದ್ದು ಮಾತ್ರ ನಿನ್ನ ಮನೆಯವರಿಗೆಲ್ಲ ಕೇಳಿಸುತ್ತದೆ. ಅದಕ್ಕೇ ಕಾಗದ ಹಿಡಿದು ಕೂತೆ.

ವಿಷಯ ಇಷ್ಟು. ನನ್ನ ಮಗಳು ದಿವ್ಯ ನನ್ನ ಮೇಲೆಯೇ ಕೇಸು ಹಾಕಿ ಗೆದ್ದಳು. ಮೊಮ್ಮಗಳು ಚೈತ್ರ ಇನ್ನು ಅವಳ ಹತ್ತಿರವೇ ಇರುತ್ತಾಳೆ. ಸೋತವನು ಸಿಹಿ ಹಂಚಿದ್ದನ್ನು ನೀನು ಎಲ್ಲಾದರೂ ಕಂಡಿದ್ದೀಯಾ? ನಾವಿಬ್ಬರೂ ಲೇತ್ ಓಡಿಸಿದ ವರ್ಕ್‌ಶಾಪಿಗೆ ಹೋಗಿ ಎಲ್ಲರಿಗೂ ಮೈಸೂರು ಪಾಕು ಕೊಟ್ಟು ಬಂದೆ.

ಐದು ವರ್ಷದ ಹಿಂದಿನ ಆ ಕರಾರು ಪತ್ರ ನಿನಗೆ ನೆನಪಿರಲೇಬೇಕು, ಒಂದು ಸಾಕ್ಷಿ ಸಹಿ ನಿನ್ನದೇ. ದಿವ್ಯಾಗೆ ಮದುವೆಯಾಗಿರಲಿಲ್ಲ, ಆ ಹುಡುಗ ಕೈಕೊಟ್ಟು ಹೋಗಿದ್ದ, ಮಗುವಿಗೆ ಒಂದೂವರೆ ತಿಂಗಳು. ಮಗುವನ್ನು ನಾನೂ ನನ್ನ ಹೆಂಡತಿ ಮುನಿತಾಯಮ್ಮನೂ ನಮ್ಮದೆಂದೇ ಸಾಕುತ್ತೇವೆ, ಮುಂದೆ ದಿವ್ಯಾಗೆ ಯಾವ ಹಕ್ಕೂ ಇಲ್ಲ ಎಂದು ಬರೆಸಿ ಅವಳ ಸಹಿ ಹಾಕಿಸಿಕೊಂಡೆ. ನಮ್ಮ ಹಿರಿಯರ ಹೊಲವೆಲ್ಲ ರೆವಿನ್ಯೂ ಸೈಟುಗಳಾಗಿ ಕೈಬಿಟ್ಟು ಹೋದದ್ದೂ ಹೀಗೆಯೇ ತಾನೆ? ಸ್ಟಾಂಪ್ ಪೇಪರು, ನೋಟರಿ ಸೀಲು, ಇಬ್ಬರು ಸಾಕ್ಷಿ. ಇಷ್ಟಿದ್ದರೆ ಬ್ರಹ್ಮನೂ ಅಳಿಸಲಾರ ಎಂದು ನಂಬಿದ ಜನ ನಾವು. ಮಗುವಿಗೂ ಅದೇ ಸಾಕೆಂದುಕೊಂಡೆ.

ದಿವ್ಯ ಆಮೇಲೆ ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಮುಗಿಸಿ, ಕೆಂಗೇರಿಯಲ್ಲಿ ಕೆಲಸ ಹಿಡಿದು, ಅಲ್ಲೇ ಬಾಡಿಗೆ ಮನೆ ಮಾಡಿದಳು. ಹೋದ ಯುಗಾದಿಗೆ ಬಂದವಳು ಒಬ್ಬಟ್ಟು ತಿಂದು ಕೈತೊಳೆದು, "ಅಪ್ಪಾ, ಚೈತ್ರನ್ನ ಕರ್ಕೊಂಡು ಹೋಗ್ತೀನಿ. ಸ್ಕೂಲಿಗೂ ಅಲ್ಲೇ ಸೇರಿಸ್ತೀನಿ" ಅಂದಳು. ನಾನು ಬೀರು ತೆಗೆದು ಆ ಪತ್ರ ಅವಳ ಮುಂದೆ ಹಿಡಿದೆ. "ನಿಂಗೆ ಗಂಡು ನೋಡ್ತಾ ಇದೀನಿ, ಹುಚ್ಚುಹುಚ್ಚಾಗಿ ಆಡ್ಬೇಡ ಕಣೇ" ಎಂದು ಗದರಿದೆ. ಅವಳು ಅಳಲಿಲ್ಲ. ಮೊಬೈಲಿನಲ್ಲಿ ಪತ್ರದ ಫೋಟೋ ತೆಗೆದುಕೊಂಡು ಹೋದಳು. ತಿಂಗಳೊಳಗೆ ಫ್ಯಾಮಿಲಿ ಕೋರ್ಟಿನಿಂದ ನೋಟಿಸು ಬಂತು.

ನನ್ನ ವಕೀಲರು ಪತ್ರ ಓದಿ ಕನ್ನಡಕ ತೆಗೆದಿಟ್ಟರು. "ಇದೇನ್ರೀ, ಸೈಟು ಬರ್ಸಿಕೊಂಡಂಗೆ ಬರ್ಸಿಕೊಂಡಿದೀರ? ಮದುವೆ ಆಗದೆ ಹುಟ್ಟಿದ ಮಗುಗೆ ತಾಯೀನೇ ಮೊದಲ ಗಾರ್ಡಿಯನ್. ಒಂದು ಸಹಿ ಹಾಕಿದ್ರೆ ಅದು ಹೋಗಲ್ಲ." "ಹಂಗಾದ್ರೆ ದತ್ತು ಅಂತ ತೋರಿಸೋಣ ಸಾರ್" ಎಂದೆ. "ನಿಮಗೆ ಮಗಳು ಇದಾಳಲ್ಲ! ಇನ್ನೊಂದು ಹೆಣ್ಣುಮಗೂನ ದತ್ತು ತಗೊಳ್ಳೋಕೆ ನಮ್ಮ ಹಿಂದೂ ದತ್ತಕ ಕಾನೂನು ಬಿಡಲ್ಲ" ಎಂದರು. ಮಗುವಿನ ಒಳಿತು ನಮ್ಮ ಹತ್ತಿರವೇ ಎಂದು ತೋರಿಸುವುದೊಂದೇ ಉಳಿದ ದಾರಿಯಂತೆ. ಸಾಕಿದವರು ನಾವು, ನಮಗೆ ಸ್ವಂತ ಮನೆಯಿದೆ, ಅವಳಿಗೆ ಗಂಡನಿಲ್ಲ ಎಂದು ವಾದ ಮಾಡಿಸಿದೆ. ಹೌದಪ್ಪ, ಮಾಡಿಸಿದೆ. ನನ್ನ ಹಟ ನಿನಗೆ ಗೊತ್ತೇ ಇದೆ.

ನೀನು ಅವಳನ್ನು ಕಟಕಟೆಯಲ್ಲಿ ನೋಡಬೇಕಿತ್ತು. ಎರಡನೇ ಕ್ಲಾಸಿನಲ್ಲಿ ಪದ್ಯ ಮರೆತು ಸ್ಟೇಜಿನಿಂದ ಓಡಿಬಂದಿದ್ದ ಹುಡುಗಿ ಅದು. ನನ್ನ ವಕೀಲರು, "ಮಗುವಿನ ತಂದೆ ಯಾರು?" ಎಂದು ಕೇಳಿಯೇಬಿಟ್ಟರು. ಮುನಿತಾಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ದಿವ್ಯ, "ಆ ಹೆಸರು ಈ ಕೇಸಿಗೆ ಬೇಕಾಗಿಲ್ಲ ಸಾರ್. ತಾಯಿ ಯಾರು ಅಂತ ಕೇಳಿ, ಹೇಳ್ತೀನಿ" ಎಂದಳು. ನ್ಯಾಯಾಧೀಶೆ ತಲೆಯೆತ್ತಿ, "ನಿಮ್ಮಪ್ಪ ಮಗೂನ ಸರಿಯಾಗಿ ನೋಡ್ಕೊಂಡಿಲ್ವಾಮ್ಮ?" ಎಂದು ಕೇಳಿದರು. "ತುಂಬಾ ಚೆನ್ನಾಗಿ ನೋಡ್ಕೊಂಡಿದಾರೆ ಮೇಡಂ. ನನ್ನನ್ನೂ ಹಂಗೇ ಸಾಕಿದ್ರು. ನನ್ನ ಮಗೂನ ನಾನು ಹಂಗೇ ಸಾಕ್ಬೇಕು, ಅಷ್ಟೇ."

ಗುರುಸಿದ್ದಯ್ಯ, ನನ್ನ ಎದೆ ಉಬ್ಬಿಹೋಯಿತು! ಎದುರು ಪಕ್ಷದವನು ನಾನೇ ಎಂಬುದು ಮರೆತು, ಪಕ್ಕದಲ್ಲಿದ್ದ ಜೂನಿಯರ್ ವಕೀಲನಿಗೆ "ನನ್ನ ಮಗಳು ಕಣಪ್ಪ" ಎಂದುಬಿಟ್ಟೆ. ನಮ್ಮ ವಕೀಲರು ತಿರುಗಿ ಗುರಾಯಿಸಿದರು.

ಹೋದ ವಾರ ತೀರ್ಪಾಯಿತು. ಮಗು ತಾಯಿಯ ಸುಪರ್ದಿಗೆ. ಪ್ರತಿ ಭಾನುವಾರ ನಾವು ಹೋಗಿ ನೋಡಬಹುದು. ಅಪೀಲು ಹಾಕೋಣವೇ ಎಂದು ವಕೀಲರು ಕೇಳಿದರು. "ಬೇಡ ಸಾರ್, ಇಷ್ಟು ಚೆನ್ನಾಗಿ ಸೋಲ್ಸಿದಾಳೆ, ಸಾಕು" ಎಂದೆ. ಎದುರು ಮನೆಯ ಅಂಜಮ್ಮ ಚೈತ್ರ ಎಲ್ಲಿ ಎಂದು ಕೇಳಿದಾಗ, ಬೀದಿಗೆಲ್ಲ ಕೇಳುವಂತೆ "ಅವರಮ್ಮ ದಿವ್ಯಾ ಮನೇಲಿದಾಳೆ" ಎಂದೆ. ಐದು ವರ್ಷ ಮುಚ್ಚಿಟ್ಟ ಮಾತು, ಹೇಳಿದ ಮೇಲೆ ಮನಸ್ಸು ಹಗುರಾಯಿತು. ಇವತ್ತು ಮೆಟ್ರೋದಲ್ಲಿ ಕೆಂಗೇರಿಗೆ ಹೋಗಿ ಉಂಡು ಬಂದೆವು. ಅವಳ ಕೈಯಡುಗೆಯಲ್ಲಿ ಉಪ್ಪು ಜಾಸ್ತಿ, ಆದರೆ ಮನೆ ಅಚ್ಚುಕಟ್ಟಾಗಿದೆ.

ನಿನ್ನ ಮಕ್ಕಳು ಮೊಮ್ಮಕ್ಕಳಿಗೆ ನಮ್ಮಿಬ್ಬರ ಆಶೀರ್ವಾದ ತಿಳಿಸು. ಎಲ್ಲರೂ ನೂರ್ಕಾಲ ತಣ್ಣಗಿರಲಿ.

ನಿನ್ನ,
ಚನ್ನಕೇಶವ

ತಾ.ಕ.: ಒಂದು ಮಾತು ಮನೆಯ ಹೊರಗೆ ಯಾರಿಗೂ ಗೊತ್ತಿಲ್ಲ. ಚೈತ್ರ ಮೊಟ್ಟಮೊದಲು "ಅಮ್ಮ" ಎಂದದ್ದು ದಿವ್ಯಾಳ ಕಡೆ ಕೈಚಾಚಿ. ನಾನು ಮಗುವನ್ನು ಅವಳಿಂದ ಕಿತ್ತುಕೊಂಡು, "ಅಮ್ಮ ಅಲ್ಲ, ಅಕ್ಕ ಅನ್ನು" ಎಂದೆ. ಅದು ಹಾಗೆ ಅನ್ನುವ ತನಕ ದಿನಾ ತಿದ್ದಿದೆ. ಇವತ್ತೂ ಊಟಕ್ಕೆ ಕೂತಾಗ ಚೈತ್ರ ಅವಳನ್ನು ಅಕ್ಕ ಎಂದೇ ಕೂಗಿದಳು, ದಿವ್ಯ ಓಗೊಟ್ಟು ಅನ್ನ ಬಡಿಸಿದಳು. ಇದನ್ನು ಕೋರ್ಟಿನಲ್ಲಿ ಹೇಳಿದ್ದರೆ ಮೊದಲ ದಿನವೇ ಗೆಲ್ಲುತ್ತಿದ್ದಳು. ಅಪ್ಪನ ಮಾನ ಹೋಗಬಾರದೆಂದು ಅವಳು ಹೇಳಲಿಲ್ಲ.