ಮೂಗಣ್ಣ ಓದಿದ ಮಾತು

ಭಾನುವಾರ, ಮಧ್ಯಾಹ್ನ

ಲಿಫ್ಟಿನವರಿಗೆ ನಮಸ್ಕಾರ.

ಕಟ್ಟಿಕೊಂಡ ಗಂಡನಿಗೆ ನಮಸ್ಕಾರ ಎಂದು ಬರೆಯುವ ಕಾಲವೂ ಬಂತು ನೋಡಿ. ಪ್ರೀತಿಯ ಎಂದು ಶುರುಮಾಡಿದರೆ ನಿಮಗೆ ಮುಜುಗರ, ಮಾನ್ಯರೇ ಎಂದರೆ ನನಗೆ ನಗು. ನೀವು ಲಿಫ್ಟ್ ರಿಪೇರಿ ಮಾಡುವವರು, ಮದುವೆಗೆ ಮುಂಚಿನಿಂದಲೂ ನಾನು ನಿಮ್ಮನ್ನು ಹಾಗೇ ಕರೆದಿದ್ದೇನೆ. ಆ ಹೆಸರನ್ನು ವಾಪಸ್ ಕೊಡು ಎಂದು ನೀವಿನ್ನೂ ಕೇಳಿಲ್ಲ, ಅದಕ್ಕೇ ಬಳಸಿಕೊಂಡೆ.

ನಿಮ್ಮಕ್ಕನ ಕೈಲಿ ನೀವು ಕಳಿಸಿದ ವಿಚ್ಛೇದನದ ಅರ್ಜಿ ನನ್ನ ಬೀರುವಿನಲ್ಲಿ ಸೀರೆಗಳ ನಡುವೆ ಬೆಚ್ಚಗೆ ಮಲಗಿದೆ. ಇಷ್ಟು ದಿನ ಯಾಕೆ ಸಹಿ ಹಾಕಲಿಲ್ಲ ಎಂದು ಎಲ್ಲರೂ ಕೇಳಿದರು, ನಿಮ್ಮೊಬ್ಬರನ್ನು ಬಿಟ್ಟು. ಕೇಳದವರಿಗೇ ಹೇಳಬೇಕು ಅನ್ನಿಸಿ ಈ ಕಾಗದ ಬರೆಯುತ್ತಿದ್ದೇನೆ. ಮೆಸೇಜ್ ಹಾಕಬಹುದಿತ್ತು. ಯಾಕೆ ಹಾಕಲಿಲ್ಲ ಅನ್ನುವುದು ಓದುತ್ತಾ ಹೋದರೆ ನಿಮಗೇ ತಿಳಿಯುತ್ತದೆ.

ಟೈಪ್ ಮಾಡುತ್ತಿರುವುದು ನಾನೇ, ಫೋನಿನಲ್ಲಿ. ನಾಳೆ ಛತ್ರಿಯಕ್ಕ ಆಫೀಸಿನ ಪ್ರಿಂಟರಿನಲ್ಲಿ ತೆಗೆದುಕೊಡುತ್ತಾಳೆ. ಛತ್ರಿಯಕ್ಕ ನೆನಪಿರಬೇಕಲ್ಲ, ಬಸ್ ನಿಲ್ದಾಣದಲ್ಲಿ ಕಳೆದುಹೋದ ಸಾಮಾನಿನ ಕೌಂಟರಿನಲ್ಲಿ ನನ್ನ ಪಕ್ಕದ ಕುರ್ಚಿಯವಳು. ಫೋನಿನಲ್ಲಿ ಜನರ ಗೋಳು ಕೇಳುವುದು ನನ್ನ ಕೆಲಸ, ಕಪಾಟಿನಲ್ಲಿ ಹುಡುಕುವುದು ಅವಳದು. ಜನ ಬಸ್ಸಿನಲ್ಲಿ ಬಿಟ್ಟು ಇಳಿಯುವುದೆಲ್ಲ ಬರೀ ಛತ್ರಿಯೇ ಆದ್ದರಿಂದ ಅವಳಿಗೆ ಆ ಹೆಸರು ಅಂಟಿಕೊಂಡಿತು. ಓದದೆ ಪ್ರಿಂಟ್ ತೆಗೀತೀನಿ ಅಂತ ಆಣೆ ಮಾಡಿದ್ದಾಳೆ. ಓದುತ್ತಾಳೆ, ನನಗೆ ಗೊತ್ತು. ಓದಲಿ ಬಿಡಿ, ಅವಳಿಗೆ ಗೊತ್ತಿಲ್ಲದ್ದು ಇದರಲ್ಲಿ ಹೆಚ್ಚೇನೂ ಇಲ್ಲ.

ಮುಖ್ಯ ಸಮಾಚಾರ ಏನೆಂದರೆ, ನಾನು ಮೂಗಣ್ಣನನ್ನು ಬಿಟ್ಟೆ.

ಮರೆತಿದ್ದರೆ ನೆನಪಿಸುತ್ತೇನೆ. ಪರದೆಯ ಮೇಲೆ ಬಂದದ್ದನ್ನೆಲ್ಲ ಕಣ್ಣು ಕಾಣದ ನನಗೆ ಓದಿ ಹೇಳುತ್ತಿದ್ದ ಸ್ಕ್ರೀನ್ ರೀಡರ್, ಸದಾ ನೆಗಡಿಯಾದವನ ಹಾಗೆ ಮೂಗಿನಲ್ಲಿ ಮಾತಾಡುತ್ತಿದ್ದ ಆ ಮಹಾರಾಯ. ಅವನನ್ನು ಫೋನಿಗೆ ಹಾಕಿಕೊಟ್ಟವರೂ ನೀವೇ, ಮೂಗಣ್ಣ ಎಂದು ಹೆಸರಿಟ್ಟವರೂ ನೀವೇ. ಆಫೀಸಿನಲ್ಲಿ ಸಿಕ್ಕಿದ ಸಾಮಾನಿನ ಪಟ್ಟಿಯನ್ನು ಈಗ ಒಂದು ಹೊಸ ಆ್ಯಪಿಗೆ ಹಾಕಿದ್ದಾರೆ. ಅದರೊಳಗೆ ಹೋದರೆ ಸಾಕು, ನಮ್ಮ ಮೂಗಣ್ಣ ಹೆಸರಿಗೆ ತಕ್ಕಂತೆ ಮೂಗನೇ ಆಗಿಬಿಡುತ್ತಾನೆ. ಅವನನ್ನು ತಯಾರು ಮಾಡಿದವರು ಯಾವತ್ತೋ ಕೈಬಿಟ್ಟಿದ್ದಾರಂತೆ, ಇನ್ನು ರಿಪೇರಿಯೂ ಇಲ್ಲ ಗಿಪೇರಿಯೂ ಇಲ್ಲ. ಮೇಲ್ವಿಚಾರಕರು ಒಳ್ಳೆಯವರು, ಜೋರು ಮಾಡಲಿಲ್ಲ. ಬೇರೆ ರೀಡರ್ ಹಾಕ್ಕೊಳಮ್ಮ, ಇಲ್ಲಾಂದ್ರೆ ಫೋನ್ ಕೆಲಸ ಬಿಡಿಸಿ ಗೋಡೌನಿನಲ್ಲಿ ಬಟ್ಟೆ ಮಡಿಸೋಕೆ ಹಾಕ್ಬೇಕಾಗುತ್ತೆ ಅಂತ ಮೆತ್ತಗೆ ಹೇಳಿದರು. ಮೆತ್ತಗೆ ಹೇಳಿದ್ದಕ್ಕೇ ಹೆಚ್ಚು ಹೆದರಿಕೆಯಾಯಿತು.

ಆದರೂ ನಾನು ಇವತ್ತು ನಾಳೆ ಎಂದು ಮುಂದೂಡಿದೆ. ಹೊಸದನ್ನು ಕಲಿಯುವುದು ಕಷ್ಟ ಎಂದು ಎಲ್ಲರಿಗೂ ಸಬೂಬು ಹೇಳಿದೆ. ಕಾರಣ ಅದಾಗಿರಲಿಲ್ಲ. ಫೋನಿನಲ್ಲಿ ಹೆಸರಿಲ್ಲದ ಗುಂಡಿಗಳಿಗೆಲ್ಲ ನೀವು ಒಂದೊಂದಾಗಿ ಹೆಸರು ಬರೆದುಕೊಟ್ಟಿದ್ದಿರಿ. ಕ್ಯಾಮೆರಾ ತಿರುಗಿಸುವ ಗುಂಡಿಗೆ ‘ನಿನ್ನ ಸುಂದರ ಮುಖ’ ಎಂದು. ಕರೆ ಮುಗಿಸುವ ಗುಂಡಿಗೆ ‘ಸಾಕು ಮಾಡು ತಾಯಿ’ ಎಂದು. ಎಲ್ಲವನ್ನೂ ಅಳಿಸಿಹಾಕುವ ಗುಂಡಿಗೆ ‘ಮುಟ್ಟಿದರೆ ಕೆಟ್ಟೆ’ ಎಂದು. ಅವೆಲ್ಲ ಇದ್ದದ್ದು ಮೂಗಣ್ಣನ ಹೊಟ್ಟೆಯಲ್ಲಿ. ಹೊಸದಕ್ಕೆ ಹೋದರೆ ಅವು ಬರುವುದಿಲ್ಲ. ಬೇರೆ ಊರಿಗೆ ಹೋಗಿ ಕೂತ ಗಂಡನ ಅಂಗಿಯನ್ನು ಮೊಳೆಗೆ ಹಾಗೇ ತೂಗುಹಾಕಿಕೊಳ್ಳುವ ಹೆಂಗಸರಿದ್ದಾರಲ್ಲ, ನಾನೂ ಅದೇ ಜಾತಿಯವಳು, ನನ್ನ ಮೊಳೆ ಫೋನಿನಲ್ಲಿತ್ತು ಅಷ್ಟೆ.

ಕೊನೆಗೆ ಹೋದ ವಾರ ಬದಲಾಯಿಸಿದೆ. ಹೊಸದು ಹೆಂಗಸಿನ ದನಿ. ಪ್ರತಿ ಅಕ್ಷರವನ್ನೂ ತಿದ್ದಿ ತೀಡಿ ಹೇಳುತ್ತಾಳೆ, ಟೀಚರಮ್ಮ ಎಂದು ಕರೆಯುತ್ತಿದ್ದೇನೆ. ಮೊದಲೆರಡು ದಿನ ನನ್ನ ಪಾಡು ಯಾರಿಗೂ ಬೇಡ. ಹಳೆಯದರಲ್ಲಿ ಬೆರಳನ್ನು ಕೆಳಗೆಳೆದು ಎಡಕ್ಕೆ ತಿರುಗಿಸಿದರೆ ಹಿಂದಿನ ಪುಟಕ್ಕೆ ಹೋಗುತ್ತಿದ್ದೆ. ಇವಳಲ್ಲಿ ಅದೇ ಸನ್ನೆ ಮಾಡಿದರೆ ಪುಟದ ತುದಿಯಿಂದ ಓದಲು ಶುರುಮಾಡುತ್ತಾಳೆ, ನಿಲ್ಲಿಸುವುದು ಹೇಗೆಂದು ನನಗೆ ತಿಳಿಯದು. ನಿಲ್ಲಿಸಲು ಹೋಗಿ ಮೇಲ್ವಿಚಾರಕರಿಗೆ ಫೋನ್ ಹೋಯಿತು. ಅವರು ಹಲೋ ಹಲೋ ಅನ್ನುತ್ತಿದ್ದಾರೆ, ನಾನು ಟೀಚರಮ್ಮನಿಗೆ ಬಾಯಿ ಮುಚ್ಚೇ ಅನ್ನುತ್ತಿದ್ದೇನೆ. ಛತ್ರಿಯಕ್ಕ ನಕ್ಕು ನಕ್ಕು ಕುರ್ಚಿಯಿಂದ ಬೀಳುವುದೊಂದು ಬಾಕಿ.

ಮೂರನೆಯ ದಿನ ಕೈ ಪಳಗಿತು. ಅವತ್ತು ಮನೆಗೆ ಬಂದವಳೇ ನಿಮಗೊಂದು ಮೆಸೇಜ್ ಹಾಕಿದೆ, ಹೊಸ ರೀಡರ್ ಹಾಕಿಕೊಂಡೆ, ಕೆಲಸ ಉಳಿಯಿತು ಎಂದು. ಸ್ವಲ್ಪ ಹೊತ್ತಿಗೆ ಉತ್ತರ ಬಂತು. ಟೀಚರಮ್ಮ ಓದಿದಳು: ಸರ.

ಅಷ್ಟೇ. ಸರ.

ನನಗೆ ಕೋಪ ಬಂತು, ಟೀಚರಮ್ಮನ ಮೇಲೆ. ನಿಮ್ಮ ಮಾತಿನ ಮುಕ್ಕಾಲು ಭಾಗ ಇವಳು ನುಂಗಿಹಾಕಿದ್ದಾಳೆ ಎಂದುಕೊಂಡೆ. ಯಾಕೆಂದರೆ ಎರಡು ವರ್ಷದಿಂದ ನೀವು ನನಗೆ ಬರೆಯುತ್ತಿದ್ದದ್ದು ಒಂದೇ ಉತ್ತರ. ನಾನು ಏನೇ ಹಾಕಲಿ, ಮೂಗಣ್ಣ ನಿಮ್ಮ ಪರವಾಗಿ ಓದುತ್ತಿದ್ದ: ಸರಿ ಕಣೇ, ಹುಷಾರು. ಇವಳು ಕಣೇಯನ್ನೂ ತಿಂದಳು, ಹುಷಾರನ್ನೂ ತಿಂದಳು, ಸರಿಯ ಗುಡಿಸನ್ನೂ ಬಿಡಲಿಲ್ಲವಲ್ಲ ಎಂದು ಬೈದೆ. ಹಳೆಯ ಮೆಸೇಜುಗಳಿಗೆ ಹೋದೆ. ಬಾಗಿಲ ಚಿಲಕ ಮುರಿದಿತ್ತು, ಸರಿ ಮಾಡಿಸಿದೆ ಎಂದಿದ್ದೆ. ಸರ. ಜ್ವರ ಬಂದು ಮಲಗಿದ್ದೇನೆ ಎಂದಿದ್ದೆ. ಸರ. ಅಪ್ಪ ಹೋಗಿಬಿಟ್ಟರು ಎಂದಿದ್ದೆ.

ಸರ.

ಮರುದಿನ ಫೋನನ್ನು ಛತ್ರಿಯಕ್ಕನ ಮುಂದೆ ಹಿಡಿದು, ನೋಡೇ ಈ ಹೊಸಬಳು ಅರ್ಧಂಬರ್ಧ ಓದ್ತಾಳೆ, ಇಲ್ಲಿ ಏನಿದೆ ಪೂರ್ತಿ ಹೇಳು ಅಂದೆ. ಅವಳು ನೋಡಿದಳು. ಹಳೆಯವನ್ನೂ ಒಂದೊಂದಾಗಿ ತೆರೆದಳು. ಆಮೇಲೆ, ಸರ ಅಂತಷ್ಟೇ ಇದೆ ಕಣೇ, ಎಲ್ಲದರಲ್ಲೂ ಅಷ್ಟೇ ಇರೋದು ಅಂತ ಸಣ್ಣ ದನಿಯಲ್ಲಿ ಹೇಳಿದಳು.

ಆಗ ನಾನು ಟೀಚರಮ್ಮನನ್ನು ನಿಲ್ಲಿಸಿ ಮೂಗಣ್ಣನನ್ನು ಮತ್ತೆ ಎಬ್ಬಿಸಿದೆ. ಖಾಲಿ ಪುಟ ತೆರೆದು ನಾನೇ ಎರಡಕ್ಷರ ಟೈಪ್ ಮಾಡಿದೆ. ಸರ ಎಂದು. ಮೂಗಣ್ಣ ಎಂದಿನಂತೆ ಮೂಗಿನಲ್ಲಿ, ಎಂದಿನ ಅಕ್ಕರೆಯಲ್ಲಿ ಹೇಳಿದ: ಸರಿ ಕಣೇ, ಹುಷಾರು.

ನಿಮಗೆ ನೆನಪಿದೆಯೋ ಇಲ್ಲವೋ, ನನಗೆ ಆಗ ಎಲ್ಲ ನೆನಪಾಯಿತು. ನಿಮ್ಮ ಹೆಬ್ಬೆರಳು ದಪ್ಪ. ಒಂದು ಕೈಯಲ್ಲಿ ಸ್ಪ್ಯಾನರ್, ಇನ್ನೊಂದರಲ್ಲಿ ಫೋನು. ಸರಿ ಎಂದು ಬರೆಯಲು ಹೋದರೆ ಗುಡಿಸು ಬೀಳುತ್ತಲೇ ಇರಲಿಲ್ಲ. ಮೂಗಣ್ಣ ಸರ ಎಂದು ಓದುತ್ತಿದ್ದ, ನಾನು ನಿಮ್ಮನ್ನು ಕಾಡುತ್ತಿದ್ದೆ. ದಿನಾ ಸರ ಸರ ಅಂತೀರಲ್ಲ, ಯಾವತ್ತು ತರ್ತೀರಿ, ಎರಡೆಳೆಯದೋ ಮೂರೆಳೆಯದೋ ಅಂತ. ಒಂದು ಭಾನುವಾರ ಫೋನು ಇಸ್ಕೊಂಡು ಏನೋ ಸರಿಮಾಡ್ತೀನಿ ಅಂತ ಕಿಟಕಿಯ ಹತ್ತಿರ ಕೂತಿರಿ. ಅವತ್ತಿನಿಂದ ಮೆಸೇಜು ಪೂರ್ತಿ ಬರತೊಡಗಿತು. ನನ್ನ ಗೇಲಿ ತಾಗಿ ಗಂಡ ತಿದ್ದಿಕೊಂಡ ಎಂದು ನಾನು ಬೀಗಿದ್ದೇ ಬೀಗಿದ್ದು. ತಿದ್ದಿದ್ದು ಮೂಗಣ್ಣನನ್ನು. ಸರ ಎಂಬ ಪದ ಬಂದರೆ ಇದನ್ನು ಓದು ಎಂದು ಅವನಿಗೆ ಬರೆದುಕೊಟ್ಟಿರಿ.

ಒಂದು ಸಲ ಛತ್ರಿಯಕ್ಕ ಮೆಸೇಜ್ ಹಾಕಿದ್ದಳು. ಕಪ್ಪುಮಣಿ ಸರಿ ಕಣೇ ಹುಷಾರು ಸಿಕ್ಕಿದೆ ಎಂದು ಮೂಗಣ್ಣ ಓದಿದ. ಇವಳಿಗೆ ಬರೆಯಲು ಬರುವುದಿಲ್ಲ, ಬೆಲೆಬಾಳುವ ಮಣಿ, ಹುಷಾರಾಗಿರು ಅಂತಿದ್ದಾಳೆ ಎಂದುಕೊಂಡು ನಾನು ಆ ಮಣಿಸರವನ್ನು ಬೀಗದ ಡ್ರಾಯರಿನಲ್ಲಿಟ್ಟೆ. ಬಳೆ ಅಂಗಡಿಯ ಗಾಜಿನ ಮಣಿ ಅದು. ಅಷ್ಟು ಭದ್ರ ಮಾಡಿದ್ದೀಯಲ್ಲೇ ಅಂತ ಎಲ್ಲರೂ ನಕ್ಕರು. ಅವತ್ತಾದರೂ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ, ಹೊಳೆಯುವುದು ಬೇಕಾಗಿರಲಿಲ್ಲವೋ ಏನೋ.

ದಿನವಿಡೀ ಲಿಫ್ಟಿನ ಬಾವಿಯೊಳಗೆ ಇಳಿಯುವವರು ನೀವು, ಎರಡು ವರ್ಷದ ಹಿಂದೆ ಮನೇಲಿ ಉಸಿರು ಕಟ್ಟುತ್ತೆ ಅಂತ ಹೇಳಿ ಹೊರಟಿರಿ. ಜಗಳವೂ ಇಲ್ಲ, ಕೂಗಾಟವೂ ಇಲ್ಲ. ಫೋನ್ ಮಾಡಿದರೆ ಕೆಲಸದಲ್ಲಿದ್ದೀನಿ ಎಂದು ಇಟ್ಟುಬಿಡುತ್ತಿದ್ದಿರಿ. ಮೆಸೇಜ್ ಹಾಕಿದರೆ ಮಾತ್ರ ಸರಿ ಕಣೇ, ಹುಷಾರು. ನಾನು ಅದನ್ನು ಹಿಡಿದುಕೊಂಡೆ. ಎದುರಿಗೆ ಮಾತಾಡಲು ಬಿಗುಮಾನ, ಬರೆಯುವಾಗ ಮನಸ್ಸು ಕರಗುತ್ತದೆ, ಇವತ್ತಲ್ಲ ನಾಳೆ ಬರುತ್ತಾರೆ ಎಂದು ಲೆಕ್ಕ ಹಾಕಿದೆ. ಅಪ್ಪ ತೀರಿಕೊಂಡ ದಿನ ನೀವು ಬರಲಿಲ್ಲ. ಮನೆ ತುಂಬ ಜನ ಅಳುತ್ತಿದ್ದರು, ನಾನು ಫೋನನ್ನು ಕಿವಿಗೆ ಒತ್ತಿಕೊಂಡು ಮೂಲೆಯಲ್ಲಿ ಕೂತು ಅದೊಂದನ್ನೇ ಮತ್ತೆ ಮತ್ತೆ ಕೇಳಿದೆ. ಬರಲಾಗದಿದ್ದರೂ ಹುಷಾರು ಅಂದರಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಎಲ್ಲಕ್ಕಿಂತ ನಾಚಿಕೆಯಾಗುವುದು ನಿಮ್ಮಕ್ಕನ ವಿಷಯಕ್ಕೆ. ಅರ್ಜಿ ತಂದುಕೊಟ್ಟ ದಿನ ನಾನು ಅವರ ಮುಂದೆ ಜಂಬ ಕೊಚ್ಚಿಕೊಂಡೆ. ಹೀಗೆ ಬರೆಯೋ ಮನುಷ್ಯ ಹೆಂಡತೀನ ಬಿಡ್ತಾರಾ ಅಕ್ಕಾ, ನೀವೇ ನೋಡಿ ಅಂತ ಫೋನನ್ನು ಅವರ ಕೈಗೆ ಕೊಟ್ಟೆ. ಅವರು ತುಂಬಾ ಹೊತ್ತು ನೋಡಿದರು. ಆಮೇಲೆ ನನ್ನ ತಲೆ ಸವರಿ, ನಿನಗೆ ಇಷ್ಟು ಸಾಕೇನಮ್ಮಾ ಅಂದರು. ಸಾಕು ಅಕ್ಕಾ, ಧಾರಾಳವಾಯ್ತು ಅಂದೆ ನಾನು. ಅವರು ನೋಡಿದ್ದು ಬರೀ ಸರ. ಅದನ್ನು ಹಿಡಿದು ಕುಣಿಯುತ್ತಿದ್ದ ನನ್ನನ್ನು ಕಂಡು ಅವರಿಗೆ ಎಷ್ಟು ಸಂಕಟವಾಗಿರಬೇಕು. ಅವತ್ತು ಅವರು ಕಾಫಿಯನ್ನೂ ಕುಡಿಯದೆ ಎದ್ದು ಹೋದರು.

ನಿಮ್ಮನ್ನು ಮೋಸಗಾರ ಅನ್ನಲು ಬಾಯಿ ಬರುತ್ತಿಲ್ಲ. ನೀವು ಮೋಸ ಮಾಡಲಿಲ್ಲ. ಅಲ್ಲಿ ಕಿಟಕಿಯ ಹತ್ತಿರ ಕೂತು ಅದನ್ನು ಬರೆದ ದಿನ ನಿಮಗೆ ನನ್ನ ಮೇಲೆ ನಿಜವಾಗಿ ಪ್ರೀತಿಯಿತ್ತು. ಬರೀ ಸರಿ ಎಂದು ತಿದ್ದಿದ್ದರೂ ಸಾಕಾಗುತ್ತಿತ್ತು. ಕಣೇ ಸೇರಿಸಿದಿರಿ, ಹುಷಾರು ಸೇರಿಸಿದಿರಿ, ನನಗೆ ಹೇಳಲೂ ಇಲ್ಲ. ಆಮೇಲೆ ಮರೆತಿರಿ. ಈ ಎರಡು ವರ್ಷ ನನ್ನನ್ನು ವಿಚಾರಿಸಿಕೊಂಡವನು ಮೂಗಣ್ಣ. ನೀವು ಅಲ್ಲಿಂದ ಎರಡಕ್ಷರ ಎಸೆದರೆ, ಅವನು ಇಲ್ಲಿ ಹಳೆಯ ಪ್ರೀತಿಯನ್ನು ಬೆರೆಸಿ ನನಗೆ ಕೊಡುತ್ತಿದ್ದ. ಇದನ್ನು ಟೈಪ್ ಮಾಡುವಾಗ ಅಳು ಬರುತ್ತಿದೆ ರೀ. ಬರಲಿ. ಇಲ್ಲಿ ನೋಡುವವರು ಯಾರಿದ್ದಾರೆ.

ಮೂಗಣ್ಣನನ್ನು ನಿನ್ನೆ ಪೂರ್ತಿ ತೆಗೆದುಹಾಕಿದೆ. ತೆಗೆಯಲೇ ಎಂದು ಫೋನು ಕೇಳಿತು, ಹೌದು ಎಂದೆ. ಸುಂದರ ಮುಖ ಹೋಯಿತು, ಸಾಕು ಮಾಡು ತಾಯಿ ಹೋಯಿತು. ಈಗ ಕರೆ ಮುಗಿಸಲು ಹೋದರೆ ಟೀಚರಮ್ಮ ಹೆಸರಿಲ್ಲದ ಗುಂಡಿ ಅನ್ನುತ್ತಾಳೆ, ನಾನು ಜಾಗ ನೆನಪಿಟ್ಟುಕೊಂಡು ಒತ್ತುತ್ತೇನೆ. ಏನೂ ತೊಂದರೆಯಿಲ್ಲ. ನಿಮ್ಮದು ಎನ್ನುವಂಥದ್ದು ಹೊಸದರಲ್ಲಿ ಏನೂ ಇಲ್ಲ, ಇರುವುದೂ ಬೇಡ. ನಾನು ಗಟ್ಟಿಯಾಗಿದ್ದೇನೆ. ಕೌಂಟರಿನಲ್ಲಿ ಒಬ್ಬಳೇ ಪಟ್ಟಿ ಓದಿ ಉತ್ತರ ಕೊಡುತ್ತೇನೆ. ಮೇಲ್ವಿಚಾರಕರು ಶಭಾಷ್ ಅಂದರು.

ನೀವು ಇನ್ನು ನನ್ನ ಸಹಿಗಾಗಿ ಕಾಯಬೇಕಾಗಿಲ್ಲ. ನಿಮ್ಮ ದಾರಿಗೆ ನಾನು ಅಡ್ಡ ನಿಂತದ್ದು ಹಟಕ್ಕಲ್ಲ, ನಿಮಗೆ ಮನಸ್ಸಿದೆ ಎಂದು ನಂಬಿ. ಇನ್ನೂ ಮನಸ್ಸಿದ್ದರೆ ಈ ಕಾಗದ ತಲುಪಿದ ದಿನವೇ ಹೊರಟು ಬನ್ನಿ ಎಂದು ಬರೆದಿದ್ದೆ. ಆ ಸಾಲನ್ನು ಅಳಿಸಿದೆ. ಮತ್ತೆ ಬರೆದೆ. ಈಗ ಅದು ಇದೆ, ಇರಲಿ.

ಎತ್ತರದಲ್ಲಿ ಕೆಲಸ ಮಾಡುವವರು. ಊಟ ಬಿಡಬೇಡಿ.

ಇಂತಿ,
ಕೌಂಟರಿನವಳು

ತಾ.ಕ.: ಅರ್ಜಿಗೆ ಸಹಿ ಹಾಕಿ ಇದೇ ಲಕೋಟೆಯಲ್ಲಿ ಇಡುತ್ತಿದ್ದೇನೆ. ಕೈಸೇರಿದ ಮೇಲೆ ತಲುಪಿತು ಎಂದು ಒಂದು ಮೆಸೇಜ್ ಹಾಕಿ. ಕಷ್ಟಪಟ್ಟು ಪೂರ್ತಿ ಬರೆಯಬೇಕಾಗಿಲ್ಲ, ಎಂದಿನ ಎರಡಕ್ಷರ ಸಾಕು. ಟೀಚರಮ್ಮನಲ್ಲೂ ಒಂದು ಪದಕ್ಕೆ ಇನ್ನೊಂದನ್ನು ಓದಿಸುವ ಜಾಗ ಇದೆ, ಇವತ್ತು ಬೆಳಗ್ಗೆ ಹುಡುಕಿದೆ. ಅಲ್ಲಿ ನಾನೇ ಬರೆದಿಟ್ಟಿದ್ದೇನೆ. ನೀವು ಅವತ್ತು ಕಿಟಕಿಯ ಹತ್ತಿರ ಕೂತು ಬರೆದದ್ದರಲ್ಲಿ ಒಂದು ಮಾತನ್ನೂ ಬದಲಾಯಿಸಿಲ್ಲ.