ಸತ್ತ ನೀರುನಾಯಿಯ ಜೊತೆ ಇಪ್ಪತ್ತಮೂರು ಮಕ್ಕಳ ಟಿ.ಸಿ.

ಮಾನ್ಯ ವನ್ಯಜೀವಿ ಮೇಲಧಿಕಾರಿಗಳೇ,

ನಮ್ಮ ಶಾಲೆಯ ಬೀರುವಿಗೆ ನೀವು ಹಾಕಿಸಿದ ಸೀಲು ತೆಗೆಸಿ. ಶನಿವಾರಕ್ಕೆ ಹೈಸ್ಕೂಲಿನ ಪ್ರವೇಶ ಮುಗಿಯುತ್ತದೆ. ಏಳನೇ ತರಗತಿ ಮುಗಿಸಿದ ಇಪ್ಪತ್ತಮೂರು ಮಕ್ಕಳ ವರ್ಗಾವಣೆ ಪತ್ರಗಳು ಆ ಬೀರುವಿನೊಳಗೆ, ಯಾವ ಕಾಲದಲ್ಲೋ ಸತ್ತ ಒಂದು ನೀರುನಾಯಿಯ ಜೊತೆ ಬಂದಿಯಾಗಿವೆ. ಮೂರು ವಾರ ಅರ್ಜಿ ಬರೆದು ಬರೆದು ಸಾಕಾಯಿತು. ಈಗ ಊರೆಲ್ಲ ಓದಲಿ ಎಂದು ಪತ್ರಿಕೆಗೆ ಬರೆಯುತ್ತಿದ್ದೇನೆ.

ತಪ್ಪು ನನ್ನದೇ. ತಮ್ಮ ಸುತ್ತೋಲೆಯನ್ನು ಓದಿ, ಅದರಂತೆ ನಡೆದುಬಿಟ್ಟೆ. ಸ್ಥಳೀಯವಾದ, ಅಳಿವಿನಂಚಿನಲ್ಲಿರುವ ಪ್ರಾಣಿಗಳ ಬಗ್ಗೆ ಲಭ್ಯ ಮಾದರಿ ತೋರಿಸಿ ಪಾಠ ಮಾಡತಕ್ಕದ್ದು, ಫೋಟೊ ಕಳುಹಿಸತಕ್ಕದ್ದು ಎಂದಿದ್ದಿರಿ. ನಮ್ಮಲ್ಲಿ ಲಭ್ಯವಿದ್ದದ್ದು ಒಣಹುಲ್ಲು ತುಂಬಿದ ಒಂದು ನೀರುನಾಯಿ. ಒಂದು ಕಣ್ಣು ಗಾಜಿನದು, ಇನ್ನೊಂದು ಅಂಗಿಯ ಗುಂಡಿ. ನಾನು ಹುಟ್ಟುವ ಮೊದಲೇ ಯಾರೋ ಹೆಡ್‌ಮಾಸ್ಟರು ತಂದಿಟ್ಟದ್ದು. ಮಕ್ಕಳು ಅದರ ಮೀಸೆ ಸವರಿದರು, ಬೆರಳುಗಳ ನಡುವಿನ ಪೊರೆ ಮುಟ್ಟಿ ನೋಡಿದರು, ಇದು ನಮ್ಮೂರ ನೀರಿನಲ್ಲೇ ಇತ್ತಾ ಎಂದು ಬಾಯಿ ಬಿಟ್ಟರು. ಅಷ್ಟು ಚೆನ್ನಾಗಿ ನಾನು ಎಂದೂ ಪಾಠ ಮಾಡಿರಲಿಲ್ಲ. ಫೋಟೊ ಕಳುಹಿಸಿದೆ. ಶಹಭಾಸ್ ಬರುತ್ತದೆಂದುಕೊಂಡಿದ್ದೆ, ಜೀಪು ಬಂತು.

"ಇದನ್ನ ಕೊಂದೋರು ಯಾರು ಮೇಡಂ?" ಎಂದರು ತಮ್ಮ ಕಿರಿಯ ಅಧಿಕಾರಿ.

"ನಂಗೇನ್ ಗೊತ್ತು ಸಾರ್? ಆಗ ನಾನು ಹುಟ್ಟೇ ಇರ್ಲಿಲ್ಲ."

"ಇಟ್ಕೊಂಡಿರೋದು ನೀವೇ ತಾನೇ?"

ಕೊಂದ ಪಾಪ ತಿಂದು ಪರಿಹಾರ ಅನ್ನುತ್ತಾರೆ. ತೋರಿಸಿದ ಪಾಪಕ್ಕೆ ಪರಿಹಾರವೇ ಇಲ್ಲವೇ? ಅದನ್ನು ಒಯ್ಯಲು ಮೇಲಿನಿಂದ ಆದೇಶ ಬೇಕಂತೆ. ಹಾಗಾಗಿ ಬೀರುವಿನಲ್ಲೇ ಇಟ್ಟು ಅರಗಿನ ಮುದ್ರೆ ಒತ್ತಿದರು. "ಒಳಗೆ ಮಕ್ಕಳ ಟಿ.ಸಿ. ಇದೆ ಸಾರ್" ಎಂದು ಮೂರು ಸಲ ಹೇಳಿದೆ. ಮುದ್ರೆ ಗಟ್ಟಿಯಾದ ಮೇಲೆ ಅವರು, "ಅಯ್ಯೋ, ಮೊದ್ಲೇ ಹೇಳ್ಬಾರ್ದಿತ್ತಾ ಮೇಡಂ?" ಎಂದರು! ಹೋಗುವಾಗ, ಜಪ್ತಿಯಾದ ವಸ್ತುವಿನ ಕಾವಲಿಗೆ ಎಂದು ನನ್ನಿಂದಲೇ ಸಹಿ ಮಾಡಿಸಿಕೊಂಡರು. ಆರೋಪಿಯೂ ನಾನೇ, ಪಹರೆಯೂ ನನ್ನದೇ. ಜ್ವರ ಬಂದರೂ ರಜೆ ಹಾಕುವಂತಿಲ್ಲ.

ಸೀಲು ತೆಗೆಯಲು ಆ ಪ್ರಾಣಿಯನ್ನು ತಂದವರೇ ಬಂದು ಹೇಳಿಕೆ ಕೊಡಬೇಕಂತೆ. ತಂದವರು ತೀರಿಕೊಂಡಿದ್ದಾರೆ. ಅವರನ್ನು ಕರೆಸುವ ನಮೂನೆ ಯಾವುದಾದರೂ ತಮ್ಮ ಕಚೇರಿಯಲ್ಲಿದೆಯೇ? ಶಿಕ್ಷಣ ಕಚೇರಿಗೆ ಹೋಗಿ ನಕಲು ಪ್ರತಿಗಾದರೂ ಅಂಗಲಾಚಿದೆ. "ಕಳ್ದು ಹೋಗಿದ್ರೆ ನಕಲು ಕೊಡ್ಬೋದು ಮಿಸ್. ನಿಮ್ದು ಕಳ್ದಿಲ್ವಲ್ಲಾ, ಬೀರುನಲ್ಲೇ ಇದ್ಯಲ್ಲಾ" ಎಂದರು ಗುಮಾಸ್ತರು. ಅತ್ತ ದರಿ ಇತ್ತ ಪುಲಿ ಎಂಬ ಗಾದೆ ಕಲಿಸುವಾಗೆಲ್ಲ ನಗುತ್ತಿದ್ದೆ. ಈಗ ನಗು ಬರುವುದಿಲ್ಲ.

ಆಸ್ಪತ್ರೆಯ ಬಟ್ಟೆ ಒಗೆಯುವ ತಾಯಿಯೊಬ್ಬಳು ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಶಾಲೆಯ ಮೆಟ್ಟಿಲ ಮೇಲೆ ಕೂತಿರುತ್ತಾಳೆ. "ಮಿಸ್, ನನ್ ಮಗಳ್ದೊಂದು ಕಾಗ್ದ ತೆಗ್ದು ಕೊಡಿ. ಈ ವರ್ಷ ತಪ್ಪಿದ್ರೆ ಅವ್ರಪ್ಪ ನನ್ ಜೊತೆ ಒಗ್ಯೋಕೆ ಕಳಿಸ್ತಾನೆ." ನಾನು ಬೀರುವಿನ ಮುದ್ರೆ ತೋರಿಸುತ್ತೇನೆ. ಇನ್ನೇನು ಮಾಡಲಿ?

ಕಳೆದ ಸೋಮವಾರ ಆ ಮಗಳೇ ಬಂದಳು. ಕೋಣೆಯ ಬಾಗಿಲು ಮುಂದೆ ಮಾಡಿ ನನ್ನ ಕಿವಿಯ ಹತ್ತಿರ ಬಗ್ಗಿದಳು.

"ಮಿಸ್, ನೀರುನಾಯಿ ನೋಡ್ದೆ. ಬದುಕಿರೋದು. ಎರಡು ಮರಿ ಇದಾವೆ."

ನನಗೆ ಕುಣಿಯಬೇಕೆನಿಸಿತು. ಅಷ್ಟರಲ್ಲಿ ಅವಳು ನನ್ನ ಕೈ ಹಿಡಿದುಕೊಂಡಳು.

"ಆಫೀಸಿಗೆ ಹೇಳ್ಬೇಡಿ ಮಿಸ್. ನಮ್ಮನೇಗೂ ಸೀಲ್ ಹಾಕ್ಬಿಡ್ತಾರೆ."

ನನ್ನ ಪಾಠದಿಂದ ಆ ಮಗು ಕಲಿತದ್ದು ಇದು. ಅದೇ ಸಂಜೆ, ತಾವು ಶಾಲೆಗಳಿಗೆ ಕಳುಹಿಸಿದ ಪ್ರಾಣಿಗಣತಿಯ ನಮೂನೆ ತುಂಬಲು ಕೂತೆ. ನೀರುನಾಯಿ ಎಂಬುದರ ಮುಂದೆ "ಇಲ್ಲ" ಎಂದು ಬರೆದು ಸಹಿ ಹಾಕಿದೆ. ಇಪ್ಪತ್ತೊಂಬತ್ತು ವರ್ಷದ ನೌಕರಿಯಲ್ಲಿ ನಾನು ಬರೆದ ಮೊದಲ ಸುಳ್ಳು ಅದು.

ಶುಕ್ರವಾರದೊಳಗೆ ಮುದ್ರೆ ಒಡೆಸಿ. ಸತ್ತದ್ದನ್ನು ಒಯ್ಯಿರಿ, ಬೇಕಿದ್ದರೆ ನನ್ನನ್ನೂ ಒಯ್ಯಿರಿ. ಬದುಕಿರುವುದು ಇದೆ ಎಂದಷ್ಟೇ ಬರೆಯಲು ಆ ಹುಡುಗಿ ಒಪ್ಪಿದ್ದಾಳೆ; ಎಲ್ಲಿದೆ ಎಂದು ಮಾತ್ರ ಈಗ ಕೇಳಬೇಡಿ. ಅವಳು ಹೈಸ್ಕೂಲಿನ ಬೆಂಚಿನ ಮೇಲೆ ಕೂತ ದಿನ, ಹೇಳಲೇ ಎಂದು ಅವಳನ್ನೇ ಕೇಳುತ್ತೇನೆ. ಅವಳು ಹೂಂ ಅಂದರೆ ನಿಮಗೆ ಹೇಳುತ್ತೇನೆ.

ಇಂತಿ,
ಬೀಗದ ಕೈ ಸೊಂಟದಲ್ಲಿದ್ದೂ ಬೀರು ತೆರೆಯಲಾಗದ
ಶಾಲಾ ಶಿಕ್ಷಕಿ